ಅಮೆರಿಕದ 2008ರ ಮನೆಮನೆ ಪ್ರಚಾರದ ಕ್ರಮ ನಮ್ಮ ತೋಟದ ಬೂತ್‌ಗಳಿಗೆ ಒಗ್ಗುತ್ತಾ?

ಹಾನುಬಾಳು ಯುವಕ ಸಂಘ:

ಎಲ್ಲರಿಗೂ ನಮಸ್ಕಾರ. ಸಕಲೇಶಪುರ ತಾಲ್ಲೂಕು ಹಾನುಬಾಳು ಕಡೆಯ ಸಂಘ ನಮ್ಮದು. 24 ಜನ ಇದ್ದೀವಿ, ಪಕ್ಷದ ಗೊಡವೆ ಇಲ್ಲ. ಸುತ್ತಲಿನ 4 ಬೂತ್‌ಗಳಲ್ಲಿ ಸೇರಿ ಸುಮಾರು 3,600 ಮತದಾರರು, ಮನೆ ಸಾವಿರದ ಹತ್ತಿರ. ಅರ್ಧ ಊರಮನೆಗಳು, ಇನ್ನರ್ಧ ತೋಟದ ಲೈನ್‌ಮನೆಗಳು (ಕೆಲಸಗಾರರ ಸಾಲುಮನೆ). ಮುಂದಿನ ಚುನಾವಣೆಯಲ್ಲಿ ಮತದಾನ ಹೆಚ್ಚಿಸೋ ಕೆಲಸ ಕೈಗೆತ್ತಿಕೊಳ್ಳೋಣ ಅಂತ ಮಾತಾಗಿದೆ.

ಒಬಾಮ ಗೆದ್ದ 2008ರ ಚುನಾವಣೆಯಲ್ಲಿ ಸ್ವಯಂಸೇವಕರು ಮನೆ ಬಾಗಿಲು ತಟ್ಟಿ ಜನರನ್ನು ಹೊರಡಿಸಿದ್ದರ ಬಗ್ಗೆ ಓದಿದ್ವಿ. ಅದರಲ್ಲಿ ಇಲ್ಲಿಗೆ ಆಗಿಬರೋದು ಯಾವುದು, ಬರದೇ ಇರೋದು ಯಾವುದು? ಎಷ್ಟು ತಿಂಗಳು ಮೊದಲು ಶುರು ಮಾಡಬೇಕು? ಕಾನೂನಿನ ಲೆಕ್ಕದಲ್ಲಿ ಎಲ್ಲಿ ಕಾಲಿಡಬಾರದು? ಕೆಲಸ ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಅಂಕಿಸಂಖ್ಯೆ, ಹಾಸನ:

ಮೊದಲು ಒಂದು ಲೆಕ್ಕ ನೋಡಿ. 2008ರ ನವೆಂಬರ್ 4ರಂದು ಅಮೆರಿಕದಲ್ಲಿ ಚಲಾವಣೆಯಾಗಿದ್ದು ಸುಮಾರು 13 ಕೋಟಿ 10 ಲಕ್ಷ ಮತ. ಅಷ್ಟು ಗದ್ದಲ, ಅಷ್ಟು ಉತ್ಸಾಹ ಇದ್ದರೂ ಅರ್ಹರಲ್ಲಿ ವೋಟು ಹಾಕಿದೋರು ಶೇ. 62ರ ಆಸುಪಾಸು. ನಮ್ಮ ಹಾಸನ ಲೋಕಸಭಾ ಕ್ಷೇತ್ರದಲ್ಲಿ 2024ರ ಏಪ್ರಿಲ್ 26ರಂದು ಶೇ. 77 ದಾಟಿತ್ತು. ಹಾಗಾಗಿ ಅವರ ಕಾಯಿಲೆ ಬೇರೆ, ನಮ್ಮದು ಬೇರೆ. ಅವರ ಔಷಧಿಯನ್ನು ಹಾಗೇ ಕುಡಿಯೋಕೆ ಹೋಗಬೇಡಿ.

ಅಲ್ಲಿ ವೋಟಿನ ದಿನ ಮಂಗಳವಾರ, ದೇಶಕ್ಕೆಲ್ಲ ರಜೆ ಅನ್ನೋದಿಲ್ಲ. ಪಟ್ಟಿಗೆ ಹೆಸರು ಸೇರಿಸಿಕೊಳ್ಳೋದು ಮತದಾರನದೇ ಜವಾಬ್ದಾರಿ, ನಮ್ಮ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಥರ ಯಾರೂ ಮನೆಗೆ ಬರಲ್ಲ. ಆದ್ದರಿಂದ ಸ್ವಯಂಸೇವಕರ ಸಾಕಷ್ಟು ಶ್ರಮ ಹೆಸರು ಸೇರಿಸೋದಕ್ಕೇ ಹೋಯಿತು. ನಾರ್ತ್ ಕೆರೊಲಿನಾದಲ್ಲಿ ಮುಂಗಡ ಮತದಾನದ ಕೇಂದ್ರಕ್ಕೆ ಹೋಗಿ ಅದೇ ದಿನ ಹೆಸರೂ ಸೇರಿಸಿ ವೋಟೂ ಹಾಕಬಹುದಿತ್ತು. ಆ ರಾಜ್ಯದಲ್ಲಿ ಒಬಾಮ ಗೆದ್ದಿದ್ದು 43 ಲಕ್ಷ ಮತಗಳಲ್ಲಿ ಬರೀ 14 ಸಾವಿರ ಚಿಲ್ಲರೆ ಅಂತರದಲ್ಲಿ.

ಇನ್ನೊಂದು ದೊಡ್ಡ ವ್ಯತ್ಯಾಸ. ಯಾರಿಗೆ ಹಾಕಿದರು ಅನ್ನೋದು ಅಲ್ಲೂ ಗುಟ್ಟು. ಆದರೆ ಯಾರು ಬಂದು ಹಾಕಿದರು, ಯಾರು ಬರಲಿಲ್ಲ ಅನ್ನೋದು ಅಲ್ಲಿ ಸಾರ್ವಜನಿಕ ದಾಖಲೆ. ಆ ಪಟ್ಟಿ ಕಂಪ್ಯೂಟರಿಗೆ ಹಾಕಿಕೊಂಡು, ಒಂದು ಸಲ ಬಂದು ಒಂದು ಸಲ ತಪ್ಪಿಸೋ ಮನೆಗಳನ್ನೇ ಆರಿಸಿ ಬಾಗಿಲು ತಟ್ಟುತ್ತಾರೆ. ನಮ್ಮಲ್ಲಿ 17ಎ ಮತದಾರರ ರಿಜಿಸ್ಟರ್ ಮತದಾನ ಮುಗಿದ ಮೇಲೆ ಸೀಲ್ ಆಗಿ ಹೋಗುತ್ತೆ. ಕೋರ್ಟ್ ಆದೇಶ ಇಲ್ಲದೆ ತೆಗೆಯೋ ಹಾಗಿಲ್ಲ. ಯಾರಾದ್ರೂ "ಹೋದ ಸಲ ಬರದೇ ಇದ್ದವರ ಪಟ್ಟಿ ಕೊಡ್ತೀನಿ" ಅಂದರೆ ನಂಬಬೇಡಿ.

ನಮಗೆ ಸಿಗೋದು ಫಾರಂ 20. ಬೂತ್‌ವಾರು ಯಾರಿಗೆ ಎಷ್ಟು ಮತ ಅನ್ನೋ ಅಂತಿಮ ಫಲಿತಾಂಶದ ಪಟ್ಟಿ ಅದು, ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಇರುತ್ತೆ. ನಿಮ್ಮ ಬೂತ್‌ನ ಸಾಲಿನಲ್ಲಿ ನೋಟಾನೂ ಸೇರಿಸಿ ಒಟ್ಟು ತೆಗೀರಿ. ಆಗಿನ ಮತದಾರರ ಪಟ್ಟಿಯ ಕೊನೆ ಪುಟದಲ್ಲಿ ಗಂಡಸರು, ಹೆಂಗಸರು, ಒಟ್ಟು ಅಂತ ಲೆಕ್ಕ ಇರುತ್ತಲ್ಲ, ಅದರಿಂದ ಭಾಗಿಸಿ. ಅಂಚೆ ಮತ ಬೂತ್ ಸಾಲಿನಲ್ಲಿ ಬರಲ್ಲ, ಬೇರೆ ಇರುತ್ತೆ. ಬೂತ್ ನಂಬರ್ ನೋಡಿ ಹೋಲಿಸಬೇಡಿ, ಶಾಲೆಯ ಹೆಸರು ನೋಡಿ. ಒಂದು ಮತಗಟ್ಟೆಗೆ ಇಂತಿಷ್ಟೇ ಮತದಾರರು ಅನ್ನೋ ಮಿತಿಯನ್ನು 1,500ರಿಂದ 1,200ಕ್ಕೆ ಇಳಿಸಿದ್ದಾರೆ. ಬೂತ್ ಒಡೆದಾಗ ಮುಂದಿನ ನಂಬರ್‌ಗಳೆಲ್ಲ ಜಾರಿಬಿಡುತ್ತವೆ.

ಬಾಗಿಲಲ್ಲಿ ಏನು ಹೇಳಬೇಕು ಅನ್ನೋದಕ್ಕೆ ಮಾತ್ರ ಅಮೆರಿಕದ ಪ್ರಯೋಗಗಳು ನಿಜವಾಗಿ ಉಪಯೋಗಕ್ಕೆ ಬರುತ್ತವೆ. 1998ರಲ್ಲಿ ನ್ಯೂ ಹೇವನ್ ಪಟ್ಟಣದಲ್ಲಿ ಗರ್ಬರ್, ಗ್ರೀನ್ ಅನ್ನೋ ಇಬ್ಬರು ಸುಮಾರು 30,000 ಮತದಾರರ ಮೇಲೆ ಪ್ರಯೋಗ ಮಾಡಿದರು. ಮುಖ ನೋಡಿ ಮಾತಾಡಿದ್ದು ಮತದಾನವನ್ನು ಚೆನ್ನಾಗಿ ಏರಿಸಿತು, ಅಂಚೆ ಕಾಗದ ಒಂಚೂರು, ಬಾಡಿಗೆ ಕಾಲ್ ಸೆಂಟರಿನ ಫೋನು ಏನೂ ಇಲ್ಲ. 2008ರ ಏಪ್ರಿಲ್‌ನಲ್ಲಿ ಒಬಾಮ–ಹಿಲರಿ ಪೈಪೋಟಿಯ ಪೆನ್ಸಿಲ್ವೇನಿಯಾ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿಯನ್ನು ಆರಿಸೋ ಮೊದಲ ಸುತ್ತಿನ ಮತದಾನ) ನಿಕರ್ಸನ್, ರೋಜರ್ಸ್ ಅನ್ನೋ ಸಂಶೋಧಕರು ಫೋನಿನಲ್ಲೇ ಇನ್ನೊಂದು ಪ್ರಯೋಗ ಮಾಡಿದರು. "ವೋಟು ಹಾಕ್ತೀರಾ?" ಅಂತ ಕೇಳಿ ಬಿಟ್ಟಿದ್ದರಿಂದ ಹೆಚ್ಚೇನೂ ಆಗಲಿಲ್ಲ. "ಎಷ್ಟು ಹೊತ್ತಿಗೆ ಹೋಗ್ತೀರಿ, ಎಲ್ಲಿಂದ ಹೊರಡ್ತೀರಿ, ಅದಕ್ಕೆ ಮುಂಚೆ ಏನು ಮಾಡ್ತಿರ್ತೀರಿ?" ಅಂತ ಕೇಳಿದ್ದರಿಂದ ಆಯಿತು. ಅದೂ ಒಬ್ಬರೇ ಮತದಾರರಿರೋ ಮನೆಗಳಲ್ಲಿ. ನಾಲ್ಕೈದು ವೋಟಿನ ಮನೆಯಲ್ಲಿ ಒಬ್ಬರಲ್ಲ ಒಬ್ಬರು ಎಬ್ಬಿಸಿ ಹೊರಡಿಸ್ತಾರೆ. ನಿಮ್ಮ ಕಡೆ ಒಬ್ಬಂಟಿ ಅಜ್ಜಿಯರ ಮನೆ, ಲೈನ್‌ನಲ್ಲಿ ಒಬ್ಬನೇ ಇರೋ ಕೆಲಸಗಾರನ ಕೋಣೆ, ಇವನ್ನು ಮೊದಲು ಗುರುತು ಹಾಕಿಕೊಳ್ಳಿ.

ಒಂದನ್ನು ಮಾತ್ರ ತರಬೇಡಿ. 2006ರಲ್ಲಿ ಮಿಷಿಗನ್‌ನಲ್ಲಿ ಅಕ್ಕಪಕ್ಕದವರು ಯಾರ‍್ಯಾರು ವೋಟು ಹಾಕಿದ್ದಾರೆ, ಹಾಕಿಲ್ಲ ಅಂತ ಕಾಗದದಲ್ಲಿ ಬರೆದು ಕಳಿಸಿ ಮತದಾನದ ಪ್ರಮಾಣವನ್ನು ಸುಮಾರು 8 ಶೇಕಡಾ ಅಂಶದಷ್ಟು ಏರಿಸಿದ್ದರು. ನಮ್ಮ ಊರುಗಳಲ್ಲಿ ಹಾಗೆ ಹೆಸರು ಎತ್ತಿದರೆ ಅರಳಿಕಟ್ಟೆಯಲ್ಲಿ ಜಗಳ ಶುರುವಾಗುತ್ತೆ, ಅಷ್ಟೇ.

ಫಾರಂ ಎಂಟು:

ಮೇಲಿನವರು ಹೇಳಿದ ಭಾಗಾಕಾರ ಮಾಡೋಕೆ ಮುಂಚೆ ಪಟ್ಟಿ ಶುದ್ಧ ಇದೆಯಾ ನೋಡಿ. 900 ಹೆಸರಿರೋ ಬೂತ್‌ನಲ್ಲಿ 750 ಜನ ವೋಟು ಹಾಕಿದರೆ ಶೇ. 83. ಆ 900ರಲ್ಲಿ 70 ಹೆಸರು ತೀರಿಹೋದವರದು, ಮದುವೆಯಾಗಿ ಹೋದ ಹೆಣ್ಣುಮಕ್ಕಳದು, ತೋಟ ಬಿಟ್ಟು ಹೋದವರದು ಅಂತಾದರೆ ನಿಜವಾದ ಲೆಕ್ಕ ಶೇ. 90. ತಿಂಗಳುಗಟ್ಟಲೆ ಬಾಗಿಲು ತಟ್ಟಿದರೂ ಇಲ್ಲದ ಜನ ಬರೋದಿಲ್ಲವಲ್ಲ.

ಚುನಾವಣೆಗೆ ನಾಲ್ಕು ತಿಂಗಳು ಮೊದಲು ಶುರು ಮಾಡಿ. ಪಟ್ಟಿಯ ಪಿಡಿಎಫ್ ಇಳಿಸಿ, ಒಂದೊಂದು ಬೂತ್‌ಗೆ ಎರಡು ಪ್ರತಿ ಪ್ರಿಂಟ್ ತೆಗೀರಿ. ಊರಿನ ಹಿರಿಯರೊಬ್ಬರು, ಅಂಗನವಾಡಿ ಗೊತ್ತಿರೋ ಹೆಂಗಸೊಬ್ಬರು, ಇಬ್ಬರನ್ನೂ ಕೂರಿಸಿಕೊಂಡು ಹೆಸರು ಹೆಸರಾಗಿ ಓದಿ. ಬಹಳ ಕಡೆ ಬಿಎಲ್‌ಒ ಅಂಗನವಾಡಿ ಟೀಚರೇ ಆಗಿರ್ತಾರೆ, ಅವರನ್ನು ಬಿಟ್ಟು ಮುಂದೆ ಹೋಗಬೇಡಿ. ತೀರಿಹೋದವರಿಗೆ ಫಾರಂ 7. ಮನೆ ಬದಲಾದವರಿಗೆ, ಹೆಸರು–ವಯಸ್ಸು ತಿದ್ದೋದಕ್ಕೆ, ಹೊಸ ಕಾರ್ಡಿಗೆ, ಅಂಗವಿಕಲರು ಅಂತ ಗುರುತು ಹಾಕಿಸೋದಕ್ಕೆ ಫಾರಂ 8. ಮೊದಲ ಸಲ ಸೇರೋರಿಗೆ ಮಾತ್ರ ಫಾರಂ 6.

ಇಲ್ಲೇ ಸಂಘದವರು ಎಡವೋದು. ಗಂಡನ ಮನೆಗೆ ಬಂದ ಸೊಸೆಗೆ ಫಾರಂ 6 ತುಂಬಿಸಿಬಿಡ್ತಾರೆ. ತವರಿನಲ್ಲಿ ಹೆಸರು ಹಾಗೇ ಉಳಿದು ಎರಡು ಕಡೆ ಆಗುತ್ತೆ, ಅದು ತಪ್ಪು. ಮೊದಲೇ ಎಲ್ಲೂ ಹೆಸರಿಲ್ಲ ಅಂತ ಫಾರಂ 6ರಲ್ಲಿ ಸಹಿ ಹಾಕಿರ್ತೀವಿ, ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಶಿಕ್ಷೆ ಇದೆ. ಫಾರಂ 8 ಕೊಟ್ಟರೆ ಹಳೇ ಕಡೆಯದು ತಾನಾಗೇ ಹೋಗುತ್ತೆ.

ಎರಡನೇದು, 60 ಅರ್ಜಿ ಕಟ್ಟು ಕಟ್ಟಿಕೊಂಡು ತಾಲ್ಲೂಕು ಕಚೇರಿಗೆ ಹೋದರೆ ತಗೊಳ್ಳಲ್ಲ. ಒಂದು ಮನೆಯವರದ್ದು ಒಬ್ಬರು ಕೊಡಬಹುದು, ಸಂಘದ ಹೆಸರಲ್ಲಿ ಕಟ್ಟುಗಟ್ಟಲೆ ಆಗಲ್ಲ. ಬಿಎಲ್‌ಒ ಕೂರೋ ದಿನ ಗೊತ್ತು ಮಾಡಿಕೊಂಡು ಜನರನ್ನೇ ಕರೆತನ್ನಿ, ಇಲ್ಲ ಅವರವರ ಮೊಬೈಲಿನಲ್ಲೇ ಹಾಕಿಸಿ. ಓಟಿಪಿ ಅವರ ನಂಬರಿಗೇ ಬರಬೇಕು, ನಿಮ್ಮ ನಂಬರ್ ಕೊಡಬೇಡಿ.

18 ತುಂಬೋದಕ್ಕೆ ಈಗ ಜನವರಿ 1 ಒಂದೇ ಅಲ್ಲ. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖು ಅಂತ ನಾಲ್ಕು ಅರ್ಹತಾ ದಿನ ಇವೆ. 17 ಆದವರು ಮುಂಗಡವಾಗಿ ಅರ್ಜಿ ಹಾಕಬಹುದು. ಪಿಯುಸಿ ಕಾಲೇಜಿನಲ್ಲಿ ಒಂದು ಮಧ್ಯಾಹ್ನ ಕೂತರೆ ಬೇಕಾದಷ್ಟು ಅರ್ಜಿ.

ಚುನಾವಣೆ ಘೋಷಣೆ ಆದ ಮೇಲೂ ಹೆಸರು ಸೇರಿಸಬಹುದು, ಆದರೆ ನಾಮಪತ್ರದ ಕೊನೇ ದಿನ ಬಾಗಿಲು ಮುಚ್ಚುತ್ತೆ. ಆಕ್ಷೇಪಣೆಗೆ 7 ದಿನ ಬಿಡಬೇಕಾಗಿರೋದರಿಂದ ನಾಮಪತ್ರದ ಕೊನೇ ದಿನಕ್ಕೆ 10 ದಿನ ಮುಂಚೆ ಕೊಟ್ಟಿದ್ದೇ ಲೆಕ್ಕ. ಮತದಾನದ ವಾರ ಬಂದು "ನನ್ನ ಹೆಸರಿಲ್ಲ" ಅನ್ನೋರಿಗೆ ದೇವರೂ ಏನೂ ಮಾಡೋ ಹಾಗಿಲ್ಲ. ಕಾರ್ಡ್ ಇದ್ದರೆ ಸಾಲದು, ಪಟ್ಟಿಯಲ್ಲಿ ಹೆಸರು ಇರಬೇಕು. ಇದನ್ನು ಬಾಗಿಲು ಬಾಗಿಲಿಗೂ ಹೇಳಿ.

ಲೈನ್‌ಮನೆ ರೈಟರ್:

ತೋಟದ ಕಡೆಯ ಮಾತು ನಾನು ಹೇಳ್ತೀನಿ.

ಲೈನ್‌ಮನೆಯವರಿಗೆ ಕರೆಂಟ್ ಬಿಲ್ ಅವರ ಹೆಸರಲ್ಲಿ ಇರಲ್ಲ, ಬಾಡಿಗೆ ಕರಾರು ಇರಲ್ಲ. ಆಧಾರ್ ವಿಳಾಸ ಹಳೇ ಊರಿನದು. ಹಾಗಂತ ಅರ್ಜಿ ಬಿಟ್ಟುಬಿಡಬೇಡಿ. ದಾಖಲೆ ಇಲ್ಲದಿದ್ದರೆ ಬಿಎಲ್‌ಒ ಬಂದು ಸ್ಥಳ ಪರಿಶೀಲನೆ ಮಾಡೋ ವ್ಯವಸ್ಥೆ ಇದೆ. ಅವರು ಬರೋ ಹೊತ್ತಿಗೆ ಜನ ತೋಟದೊಳಗೆ ಇದ್ದರೆ "ವಾಸವಿಲ್ಲ" ಅಂತ ಬರೆದು ಹೋಗ್ತಾರೆ, ಅರ್ಜಿ ತಿರಸ್ಕಾರ. ಬಿಎಲ್‌ಒ ಬರೋ ದಿನ ಮೇಸ್ತ್ರಿಗೆ ಹಿಂದಿನ ಸಂಜೆಯೇ ಹೇಳಿಸಿ, ಬೆಳಗಿನ ಹಾಜರಿ ಹೊತ್ತಿಗೇ ಕರೆಸಿಕೊಳ್ಳಿ. ಆ ಅರ್ಧ ಗಂಟೆಯಲ್ಲಿ ಲೈನ್ ಪೂರ್ತಿ ಮುಗಿಯುತ್ತೆ.

ಬರೀ ಕಾಫಿ ಕುಯ್ಲಿಗೆ ಬಂದು ಹೋಗೋರನ್ನು ಇಲ್ಲಿ ಸೇರಿಸೋಕೆ ಹೋಗಬೇಡಿ. ಅವರ ವಾಸ ಅವರ ಊರು. ವರ್ಷಪೂರ್ತಿ ಇಲ್ಲೇ ಇರೋರು ಅಸ್ಸಾಮಿನವರಾದರೂ ಕೇಳೋ ಹಕ್ಕಿದೆ, ಹಳೇ ಕಡೆಯದನ್ನು ಬಿಟ್ಟು.

ಮತದಾನದ ದಿನ ಸಂಬಳ ಸಹಿತ ರಜೆ. ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಪ್ರಕಾರ ದಿನಗೂಲಿಯವರಿಗೂ ಇದು ಅನ್ವಯ, ಆ ಕ್ಷೇತ್ರದ ಮತದಾರ ಆಗಿರಬೇಕು ಅಷ್ಟೇ. ತಪ್ಪಿದ ಮಾಲೀಕರಿಗೆ ದಂಡ 500 ರೂಪಾಯಿವರೆಗೆ. ಆ ಮೊತ್ತ ನೋಡಿದರೆ ನಗು ಬರುತ್ತೆ, ಆದ್ದರಿಂದ ದಂಡದ ಬೆದರಿಕೆ ಕೆಲಸಕ್ಕೆ ಬಾರದು. ಎರಡು ವಾರ ಮುಂಚೆ ಪ್ರತಿ ತೋಟದ ರೈಟರ್ (ಹಾಜರಿ, ಲೆಕ್ಕ ಬರೆಯೋರು) ಹತ್ತಿರ ಹೋಗಿ, "ಆ ದಿನದ ಹಾಜರಿ ಪುಸ್ತಕದಲ್ಲಿ ಬೀಳುತ್ತೆ ತಾನೇ?" ಅಂತ ಕೇಳಿ. ಹೌದು ಅಂದರೆ ಅದನ್ನು ಅವರ ಬಾಯಲ್ಲೇ ಲೈನ್‌ನಲ್ಲಿ ಹೇಳಿಸಿ. ಕೂಲಿ ಹೋಗುತ್ತೆ ಅನ್ನೋ ಭಯ ಇರೋವರೆಗೆ ನಿಮ್ಮ ಭಾಷಣ ಯಾರೂ ಕೇಳಲ್ಲ.

ಮನೆ ಸುತ್ತೋ ಲೆಕ್ಕ: ಅರಸೀಕೆರೆ, ಕಡೂರು ಕಡೆ ಊರಮನೆ ಒತ್ತೊತ್ತಾಗಿರ್ತವೆ, ಒಂದು ಗಂಟೆಗೆ 20 ಮನೆ ಆದೀತು. ನಿಮ್ಮಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ಏರು, ಗೇಟು, ನಾಯಿ. ಇಬ್ಬರ ಜೋಡಿಗೆ ಗಂಟೆಗೆ 8 ಮನೆ ಅಂತ ಇಟ್ಟುಕೊಳ್ಳಿ. 12 ಜೋಡಿ, ದಿನಕ್ಕೆ 3 ಗಂಟೆ ಅಂದರೆ 288 ಮನೆ, ಸಾವಿರ ಮನೆಗೆ ನಾಲ್ಕು ಭಾನುವಾರ. ಸಂತೆ ದಿನ ಹೋಗಬೇಡಿ, ಮನೆಯಲ್ಲಿ ಯಾರೂ ಸಿಗಲ್ಲ. ಪ್ರತಿ ಜೋಡಿಯಲ್ಲಿ ಒಬ್ಬರು ಹೆಂಗಸಿರಲಿ, ಇಲ್ಲದಿದ್ದರೆ ಹಗಲು ಹೊತ್ತು ಅರ್ಧ ಬಾಗಿಲು ತೆರೆಯಲ್ಲ.

ಆನೆ ವಿಚಾರ ಹೇಳಲೇಬೇಕು. ಸಕಲೇಶಪುರ, ಆಲೂರು, ಬೇಲೂರು ಕಡೆ ಸಂಜೆ ಐದೂವರೆ ಮೇಲೆ ತೋಟದ ದಾರಿಯಲ್ಲಿ ನಡೆದು ಪ್ರಚಾರ ಅಂದರೆ ಹುಚ್ಚುತನ. ಅರಣ್ಯ ಇಲಾಖೆಯ ಮೆಸೇಜ್ ನೋಡಿ, ಇಟಿಎಫ್‌ನವರಿಗೆ (ಆನೆ ಕಾರ್ಯಪಡೆ) ಒಂದು ಫೋನ್ ಮಾಡಿ ಹಿಂಡು ಎಲ್ಲಿದೆ ಅಂತ ತಿಳಿದುಕೊಂಡೇ ಆ ದಿನದ ದಾರಿ ಗೊತ್ತು ಮಾಡಿ. ಬೈಕಿನಲ್ಲಿ ಹೋಗ್ತೀವಿ ಅಂದರೂ ಅಷ್ಟೇ.

ಹಾನುಬಾಳು ಯುವಕ ಸಂಘ:

ತುಂಬಾ ಉಪಕಾರ ಆಯ್ತು. ಇನ್ನೆರಡು ಪ್ರಶ್ನೆ. ದೂರದ ಲೈನ್‌ನವರಿಗೆ ಎರಡು ಜೀಪ್ ಬಿಡೋಣ ಅಂತಿದ್ವಿ, ಡೀಸೆಲ್ ಸಂಘದ್ದೇ. ಆಮೇಲೆ ಯಾರು ಬಂದರು, ಯಾರು ಬರಲಿಲ್ಲ ಅಂತ ಆ ದಿನ ನೋಡಿಕೊಳ್ಳೋಕೆ ಒಂದು ಆ್ಯಪ್ ಮಾಡಿಸೋಣವಾ? ಒಬ್ಬ ಹುಡುಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್‌ನಲ್ಲಿದ್ದಾನೆ.

ಫಾರಂ ಎಂಟು:

ಜೀಪ್ ಬೇಡ. ಅಭ್ಯರ್ಥಿ ಕಡೆಯಿಂದ ಮತದಾರರನ್ನು ಪುಕ್ಕಟೆ ಸಾಗಿಸೋದು ಭ್ರಷ್ಟಾಚಾರದ ಪಟ್ಟಿಯಲ್ಲಿದೆ, 133ನೇ ಸೆಕ್ಷನ್ ಕೆಳಗೆ ಮೂರು ತಿಂಗಳವರೆಗೆ ಜೈಲೂ ಇದೆ. ನೀವು ಪಕ್ಷದವರಲ್ಲ ನಿಜ, ಆದರೆ ಆ ದಿನ ಎರಡು ಜೀಪ್ ಓಡಾಡಿದರೆ ಯಾವ ಕಡೆಯದು ಅಂತ ದೂರು ಬೀಳೋದು ಖಂಡಿತ, ಗಾಡಿ ಠಾಣೆಯಲ್ಲಿ ನಿಲ್ಲುತ್ತೆ. ಅವರವರೇ ದುಡ್ಡು ಕೊಟ್ಟು ಬಸ್ಸಿನಲ್ಲಿ ಬರಲಿ. ಚುನಾವಣಾ ಕೆಲಸಕ್ಕೆ ಬಸ್ ತಗೊಂಡು ಹೋಗಿರ್ತಾರೆ, ಹಾಗಾಗಿ ಆ ದಿನ ಯಾವ ಟ್ರಿಪ್ ಇದೆ ಅಂತ ಡಿಪೋದಲ್ಲಿ ಮೊದಲೇ ಕೇಳಿ ಬರೆದು ಅಂಟಿಸಿ. ಅಂಗವಿಕಲರಿಗೆ ಗಾಡಿ, ಗಾಲಿಕುರ್ಚಿ ಬೇಕಾದರೆ ಚುನಾವಣಾ ಆಯೋಗದ ಸಕ್ಷಮ್ ಆ್ಯಪ್‌ನಲ್ಲೋ 1950 ಸಹಾಯವಾಣಿಗೋ ಕೋರಿಕೆ ಹಾಕಿಸಿ, ಅದು ಸರ್ಕಾರದ ಗಾಡಿ.

85 ದಾಟಿದವರಿಗೆ, ಶೇ. 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರೋರಿಗೆ ಮನೆಯಲ್ಲೇ ಮತದಾನ ಇದೆ. ಫಾರಂ 12ಡಿ, ಅಧಿಸೂಚನೆ ಹೊರಟ 5 ದಿನದೊಳಗೆ ಬಿಎಲ್‌ಒ ಕೈಗೆ ಸೇರಬೇಕು. ಈ 5 ದಿನ ಬಹಳ ಕಡೆ ಗೊತ್ತೇ ಆಗದೆ ಕಳೆದುಹೋಗುತ್ತೆ, ಹೆಸರುಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ. ಒಂದು ಸಲ ಅದಕ್ಕೆ ಒಪ್ಪಿದ ಮೇಲೆ ಬೂತ್‌ಗೆ ಹೋಗಿ ಹಾಕೋ ಹಾಗಿಲ್ಲ. ತಂಡ ಬಂದಾಗ ಮನೆಯಲ್ಲಿ ಇರಲೇಬೇಕು, ಎರಡನೇ ಸಲವೂ ಸಿಗದಿದ್ದರೆ ಮುಗೀತು.

ಅಂಕಿಸಂಖ್ಯೆ, ಹಾಸನ:

ಆ್ಯಪ್ ಬಗ್ಗೆ ಹೇಳ್ತೀನಿ. ಒಬಾಮ ತಂಡ 2008ರಲ್ಲಿ "ಹೂಡಿನಿ" ಅಂತ ಒಂದು ವ್ಯವಸ್ಥೆ ಮಾಡಿತ್ತು. ಪ್ರತಿ ಮತದಾರರಿಗೆ ಒಂದು ಸಂಖ್ಯೆ, ಬಂದವರ ಸಂಖ್ಯೆಯನ್ನು ಬೂತ್‌ನಲ್ಲಿದ್ದ ಸ್ವಯಂಸೇವಕರು ಫೋನಿನಲ್ಲಿ ಒತ್ತಿ ತಿಳಿಸಬೇಕು, ಅವರ ಹೆಸರು ಪಟ್ಟಿಯಿಂದ ಮಾಯ. ಮತದಾನದ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಕರೆ ಮಾಡಿದ್ದಕ್ಕೆ ಆ ಫೋನ್ ವ್ಯವಸ್ಥೆಯೇ ಕುಸಿದುಬಿತ್ತು. ಅಷ್ಟು ದುಡ್ಡಿದ್ದವರಿಗೇ ಹೀಗಾದರೆ, ಗುಡ್ಡ ಹತ್ತಿದರೆ ಮಾತ್ರ ನೆಟ್‌ವರ್ಕ್ ಸಿಗೋ ನಿಮ್ಮ ಕಡೆ ಆ್ಯಪ್ ಕಟ್ಟಿಕೊಂಡು ಏನು ಮಾಡ್ತೀರಿ? ಜನರ ಕಾರ್ಡಿನ ಫೋಟೊಗಳನ್ನೂ ವಾಟ್ಸಾಪ್ ಗ್ರೂಪಿನಲ್ಲಿ ಹಾಕಬೇಡಿ.

ನಿಮಗೆ ಏಜೆಂಟ್ ಇಲ್ಲ, ಬೂತ್ ಒಳಗೆ ಕೂರೋ ಹಾಗಿಲ್ಲ. ಬೇಕಾಗೂ ಇಲ್ಲ. ಎಡಗೈ ತೋರುಬೆರಳಿನ ಶಾಯಿಯೇ ನಿಮ್ಮ ಹೂಡಿನಿ. ಪ್ರತಿ ಲೈನ್‌ಗೂ ಪ್ರತಿ ಕೇರಿಗೂ ಅಲ್ಲೇ ವಾಸ ಇರೋ ಒಬ್ಬರನ್ನು ಗೊತ್ತು ಮಾಡಿ, ಒಬ್ಬರಿಗೆ 40 ಮನೆಗಿಂತ ಹೆಚ್ಚು ಬೇಡ. ಅವರ ಕೈಯಲ್ಲಿ ಮನೆವಾರು ಒಂದು ಹಾಳೆ ಇರಲಿ. ವಾಪಸ್ ಬಂದವರ ಬೆರಳು ನೋಡಿ ಗೀಟು ಹಾಕಲಿ. 11 ಗಂಟೆಗೆ ಒಂದು ಸುತ್ತು, 1 ಗಂಟೆಗೆ ಇನ್ನೊಂದು. ಗೀಟು ಬೀಳದ ಮನೆಗೆ ಮಾತ್ರ ಹೋಗಿ, "ನೀವು ಹತ್ತೂವರೆಗೆ ಹೊರಡ್ತೀನಿ ಅಂದಿದ್ರಿ" ಅಂತ ನೆನಪಿಸಿ ಸಾಕು. ಯಾರಿಗೆ ಅಂತ ಕೇಳಲೇಬೇಡಿ. ಚುನಾವಣೆ ಮುಗಿದ ಸಂಜೆಯೇ ಆ ಹಾಳೆಗಳನ್ನು ಒಲೆಗೆ ಹಾಕಿ. ಇಲ್ಲದಿದ್ದರೆ ನಾಳೆ ಯಾರದೋ ಕೈಗೆ ಸಿಕ್ಕಿ, ನಾನು ಮೇಲೆ ಬೇಡ ಅಂದ ಮಿಷಿಗನ್ ಕಾಗದ ಆಗುತ್ತೆ.

ಕಡೂರು ಬಯಲು:

ಒಂದು ಸಣ್ಣ ಸೇರ್ಪಡೆ. ಗಡಿ ಊರಿನವರು ಕರಪತ್ರ ಅಚ್ಚು ಹಾಕಿಸುವಾಗ ಕ್ಷೇತ್ರ ನೋಡಿಕೊಳ್ಳಿ. ನಮ್ಮ ಕಡೂರು ಚಿಕ್ಕಮಗಳೂರು ಜಿಲ್ಲೆ, ಆದರೆ ಲೋಕಸಭೆಗೆ ಹಾಸನ ಕ್ಷೇತ್ರ. ಮೂಡಿಗೆರೆ, ಶೃಂಗೇರಿ, ಚಿಕ್ಕಮಗಳೂರು, ತರೀಕೆರೆ ಉಡುಪಿ ಜೊತೆ. ಇಂದಿರಾ ಗಾಂಧಿ 1978ರ ಉಪಚುನಾವಣೆಯಲ್ಲಿ ಗೆದ್ದ "ಚಿಕ್ಕಮಗಳೂರು ಕ್ಷೇತ್ರ" ಆ ಹೆಸರಲ್ಲಿ ಈಗ ಇಲ್ಲ. ಅಮೆರಿಕ ಅಧ್ಯಕ್ಷರ ಉದಾಹರಣೆ ಹೇಳೋವಾಗಲೂ ಹುಷಾರು, ನಮ್ಮ ರಾಷ್ಟ್ರಪತಿಗೆ ವೋಟು ಹಾಕೋದು ಶಾಸಕರು, ಸಂಸದರು. ಹುಡುಗರು ಎರಡನ್ನೂ ಕಲಸಿಕೊಳ್ತಾರೆ.

ಲೈನ್‌ಮನೆ ರೈಟರ್:

ಮತದಾನದ ದಿನ ಎಡವಟ್ಟಾಗೋ ಜಾಗಗಳನ್ನು ಹೇಳಿ ಮುಗಿಸ್ತೀನಿ.

ಗುರುತಿಗೆ ಮತದಾರರ ಕಾರ್ಡೇ ಆಗಬೇಕೆಂದಿಲ್ಲ. ಆಧಾರ್, ನರೇಗಾ ಜಾಬ್ ಕಾರ್ಡ್, ಫೋಟೊ ಇರೋ ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್, ಡಿಎಲ್, ಪಾನ್, ಫೋಟೊ ಇರೋ ಪಿಂಚಣಿ ಪತ್ರ ನಡೆಯುತ್ತೆ. ಬಿಎಲ್‌ಒ ಕೊಡೋ ವೋಟರ್ ಸ್ಲಿಪ್ ಒಂದೇ ಹಿಡಿದು ಬಂದರೆ 2019ರಿಂದ ಒಪ್ಪಲ್ಲ. ರೇಷನ್ ಕಾರ್ಡ್ ಹಿಡಿದು ಬರೋರು ಬಹಳ, ಅದು ಪಟ್ಟಿಯಲ್ಲಿಲ್ಲ. ಹಿಂದಿನ ಸಂಜೆಯೇ ಮನೆಯವರ ಎದುರಿಗೆ ತೆಗೆಸಿ ನೋಡಿ, ಗೋಡೆಯ ಮೊಳೆಗೆ ಕವರ್‌ನಲ್ಲಿ ನೇತು ಹಾಕಿಸಿ.

ಬಿಳಿ ಚೀಟಿಯಲ್ಲಿ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಬರೆದು ಮನೆಯಲ್ಲೇ ಕೊಡಿ. ಚಿಹ್ನೆ, ಬಣ್ಣ, ಸಂಘದ ಹೆಸರು ಯಾವುದೂ ಬೇಡ. ಮತಗಟ್ಟೆಯಿಂದ 100 ಮೀಟರ್ ಒಳಗೆ ಗುಂಪು ಕಟ್ಟಿ ನಿಲ್ಲಬೇಡಿ.

ಹೆಸರು "ಗೈರು, ಸ್ಥಳಾಂತರ, ಮೃತ" ಪಟ್ಟಿಯಲ್ಲಿ ಬಂದಿದ್ದರೆ ಹೆದರಿ ವಾಪಸ್ ಬರೋದು ಬೇಡ. ಗುರುತು ತೋರಿಸಿದರೆ ವೋಟು ಹಾಕಬಹುದು, ಸಹಿ ಜೊತೆಗೆ ಹೆಬ್ಬೆಟ್ಟೂ ಕೇಳ್ತಾರೆ. ತಮ್ಮ ಹೆಸರಲ್ಲಿ ಬೇರೆಯವರು ಆಗಲೇ ಹಾಕಿಬಿಟ್ಟಿದ್ದರೆ ಟೆಂಡರ್ ವೋಟ್ ಕೇಳಬೇಕು, ಕಾಗದದ ಮತಪತ್ರ ಕೊಡ್ತಾರೆ. ಯಾರಿಗೆ ಹಾಕಿದ್ದು ಅಂತ ತೋರಿಸೋ ವಿವಿಪ್ಯಾಟ್ ಚೀಟಿ ಯಂತ್ರದ ಕಿಟಕಿಯಲ್ಲಿ 7 ಸೆಕೆಂಡ್ ಕಾಣುತ್ತೆ, ವಯಸ್ಸಾದವರಿಗೆ ಮೊದಲೇ ಹೇಳಿಡಿ, ಗುಂಡಿ ಒತ್ತಿ ತಕ್ಷಣ ತಿರುಗಿಬಿಡ್ತಾರೆ.

ಬೆಳಿಗ್ಗೆ 7ಕ್ಕೆ ಶುರು, ಸಂಜೆ 6ಕ್ಕೆ ಮುಕ್ತಾಯ. 6 ಗಂಟೆಗೆ ಸಾಲಿನಲ್ಲಿ ಇದ್ದವರಿಗೆಲ್ಲ ಚೀಟಿ ಕೊಡ್ತಾರೆ, ಅದೂ ಸಾಲಿನ ಬಾಲದಿಂದ. ಆದರೆ ನಮ್ಮ ಕಡೆ ಅಲ್ಲಿವರೆಗೆ ಬಿಡಬೇಡಿ. ಏಪ್ರಿಲ್–ಮೇ ಆದರೆ ಮೂರು ಗಂಟೆ ಮೇಲೆ ಗುಡುಗಿನ ಮಳೆ, ಕರೆಂಟ್ ಹೋಗುತ್ತೆ, ಆಮೇಲೆ ಆನೆ ಹೊತ್ತು. ದೂರದ ಲೈನ್‌ನವರು ಎರಡು ಗಂಟೆಯೊಳಗೆ ಹಾಕಿ ವಾಪಸ್ ಮನೆ ಸೇರೋ ಹಾಗೆ ಹೊರಡಿಸಿ.

ಗೀಟು ಹಾಕೋ ಹಾಳೆಗೆ ಪೆನ್ಸಿಲ್ ಕೊಡಿ. ಒದ್ದೆ ಕಾಗದದ ಮೇಲೆ ಬಾಲ್‌ಪೆನ್ ಓಡಲ್ಲ.